ಓದುಗರ ಪ್ರಶ್ನೆ: ಕೊಡುವ ಕೈ ಯಾರದು, ಪಡೆಯುವ ಕೈ ಯಾರದು?

ಪ್ರಶ್ನೆ: ಹದಿನೆಂಟು ವರ್ಷದಿಂದ ತಪ್ಪದೆ ತೆರಿಗೆ ಕಟ್ಟುತ್ತಿದ್ದೇನೆ. ಸರ್ಕಾರ ಅದನ್ನು ಕೆಲಸ ಮಾಡದೆ ಕೂತವರಿಗೆ ಹಂಚುತ್ತದೆ. ಹಾಗಾದರೆ ದುಡಿಯುವವರೇ ದಡ್ಡರಾ? (ಸಿಟ್ಟಾದ ಓದುಗ)

ಉತ್ತರ: ದಡ್ಡರಲ್ಲ ಮಾರಾಯರೇ, ಆದರೆ ಲೆಕ್ಕ ಸ್ವಲ್ಪ ತಪ್ಪಿದೆ. ಪಿಂಚಣಿ, ಚಿಕಿತ್ಸೆ, ಭತ್ಯೆಗಳಂಥ ಸಮಾಜ ಕಲ್ಯಾಣದ ವೆಚ್ಚದ ಲೆಕ್ಕವನ್ನು ಬಹಳ ವರ್ಷಗಳಿಂದ ಇಡುತ್ತಾ ಬಂದಿರುವುದು ಒಇಸಿಡಿ, ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಕೂಟ. ಅಲ್ಲಿನ ಸರ್ಕಾರಗಳು ಸರಾಸರಿ ಜಿಡಿಪಿಯ (ದೇಶದ ಒಂದು ವರ್ಷದ ಒಟ್ಟು ಉತ್ಪನ್ನದ) ಶೇ 20ರಷ್ಟನ್ನು ಇದಕ್ಕೆ ಸುರಿಯುತ್ತವೆ, ಫ್ರಾನ್ಸಿನಲ್ಲಿ ಅದು ಶೇ 30ರ ಆಸುಪಾಸು. ದೊಡ್ಡ ದುಡ್ಡೇ. ಆದರೆ ಅದು ಎಲ್ಲಿಗೆ ಹೋಗುತ್ತದೆ ನೋಡಿ. ಎಲ್ಲಕ್ಕಿಂತ ದೊಡ್ಡ ತುಂಡು ವಯಸ್ಸಾದವರ ಪಿಂಚಣಿಗೆ, ಅದರ ನಂತರದ್ದು ಚಿಕಿತ್ಸೆಗೆ. ನಿಮ್ಮ ಸಿಟ್ಟಿಗೆ ಕಾರಣವಾದ ನಿರುದ್ಯೋಗ ಭತ್ಯೆ ಸಾಮಾನ್ಯ ವರ್ಷಗಳಲ್ಲಿ, ಸರಾಸರಿ ತೆಗೆದರೆ, ಜಿಡಿಪಿಯ ಶೇ 1ನ್ನೂ ಮುಟ್ಟುವುದಿಲ್ಲ.

ಅಂದರೆ ದುಡ್ಡು ಮುಖ್ಯವಾಗಿ ಹೋಗುತ್ತಿರುವುದು ದುಡಿಯುವವರಿಂದ ಸೋಮಾರಿಗಳಿಗಲ್ಲ, ಗಟ್ಟಿಯಾಗಿರುವ ವಯಸ್ಸಿನಿಂದ ಗಟ್ಟಿಯಾಗಿಲ್ಲದ ವಯಸ್ಸಿಗೆ. ಚಿಕ್ಕವರಿದ್ದಾಗ ನಿಮ್ಮ ಲಸಿಕೆಗೆ, ಶಾಲೆಗೆ ಬೇರೆ ಯಾರೋ ತೆರಿಗೆ ಕಟ್ಟಿದ್ದರು, ನೀವು ಆಗ ಒಂದು ಕಾಸೂ ಕೊಟ್ಟಿರಲಿಲ್ಲ, ಮುಂದೆ ಮಂಡಿ ನೋವು ಬಂದ ಕಾಲಕ್ಕೆ ಕೊಡುವುದೂ ಕಮ್ಮಿಯೇ ಆಗುತ್ತದೆ. ನಡುವಿನ ಈ ಮೂವತ್ತು ನಲವತ್ತು ವರ್ಷ ಮಾತ್ರ ನಾವು ಕೊಡುವ ಕಡೆ ನಿಂತಿರುತ್ತೇವೆ. ಅಲ್ಲಿ ನಿಂತು ನೋಡಿದಾಗ ಎಲ್ಲರೂ ನಮ್ಮ ಜೇಬಿಗೇ ಕೈ ಹಾಕಿದ ಹಾಗೆ ಕಾಣುವುದು ಸಹಜ.

ಮೋಸ ಮಾಡುವವರೇ ಇಲ್ವಾ? ಇದ್ದಾರೆ. ಹಿಡಿಯಲಿ. ಆದರೆ ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದು ಬೇಡ.

ಪ್ರಶ್ನೆ: ಈ ಪಿಂಚಣಿ, ವಿಮೆ ಎಲ್ಲ ಸಮಾಜವಾದಿಗಳು ತಂದದ್ದು ಅಂತ ನಮ್ಮ ಮೇಷ್ಟ್ರು ಹೇಳುತ್ತಾರೆ, ನಿಜವಾ? (ಕಾಲೇಜು ವಿದ್ಯಾರ್ಥಿನಿ)

ಉತ್ತರ: ಅರ್ಧ ನಿಜ. ದೇಶಕ್ಕೆಲ್ಲ ಅನ್ವಯಿಸುವ ಕಡ್ಡಾಯ ವಿಮೆ ಮೊದಲು ಬಂದದ್ದು ಜರ್ಮನಿಯಲ್ಲಿ. 1883ರಲ್ಲಿ ಕಾಯಿಲೆಗೆ, 1884ರಲ್ಲಿ ಕೆಲಸದ ವೇಳೆಯ ಅಪಘಾತಕ್ಕೆ, 1889ರಲ್ಲಿ ಮುಪ್ಪಿಗೆ. ತಂದವನು ಅಲ್ಲಿನ ಸರ್ಕಾರದ ಮುಖ್ಯಸ್ಥನಾಗಿದ್ದ ಬಿಸ್ಮಾರ್ಕ್, ಸಮಾಜವಾದಿಗಳನ್ನು ಕಂಡರಾಗದ ಮನುಷ್ಯ. ಕಾರ್ಮಿಕರು ಅವರ ಹಿಂದೆ ಹೋಗದಿರಲಿ ಎಂದೇ ಇದನ್ನು ಕೊಟ್ಟ. ಹಾಗಾಗಿ ಮೇಷ್ಟ್ರಿಗೆ ಹೇಳಿ, ಸಮಾಜವಾದಿಗಳು ತಂದದ್ದಲ್ಲ, ಸಮಾಜವಾದಿಗಳ ಮೇಲಿನ ಹೆದರಿಕೆ ತಂದದ್ದು! ಪಿಂಚಣಿಯ ವಯಸ್ಸು ಆಗ 70. ಅಷ್ಟು ವರ್ಷ ಬದುಕುವ ಕಾರ್ಮಿಕರು ಜಾಸ್ತಿ ಇರಲಿಲ್ಲ, ಖಜಾನೆಗೂ ಅಂಥ ಹೊರೆ ಆಗಲಿಲ್ಲ.

ಜನ ಜಾಸ್ತಿ ಬದುಕಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಐಡಾ ಮೇ ಫುಲ್ಲರ್ ಕಥೆ ಇದೆ. 1935ರ ಸೋಷಿಯಲ್ ಸೆಕ್ಯೂರಿಟಿ ಕಾಯ್ದೆಯಡಿ ಮೊದಲ ಮಾಸಿಕ ಪಿಂಚಣಿ ಚೆಕ್ ಪಡೆದವರು ಅವರು, 1940ರ ಜನವರಿಯಲ್ಲಿ, 22.54 ಡಾಲರ್. ಅಲ್ಲಿಯವರೆಗೆ ಅವರ ಸಂಬಳದಿಂದ ಕಟ್ಟಿದ್ದು ಒಟ್ಟು 24.75 ಡಾಲರ್ ಅಷ್ಟೇ. ಅಜ್ಜಿ ನೂರು ವರ್ಷ ಬದುಕಿದರು, 22 ಸಾವಿರ ಡಾಲರಿಗೂ ಜಾಸ್ತಿ ಪಡೆದರು. ಇಂಥ ಪಿಂಚಣಿಯಲ್ಲಿ ನಿಮ್ಮ ಹೆಸರಿನ ಡಬ್ಬಿಯಲ್ಲಿ ದುಡ್ಡು ಕೂತಿರುವುದಿಲ್ಲ. ಇವತ್ತು ದುಡಿಯುವವರು ಕಟ್ಟಿದ್ದು ಇವತ್ತಿನ ಹಿರಿಯರಿಗೆ ಹೋಗುತ್ತದೆ. ಮಕ್ಕಳು ಕಮ್ಮಿ, ಹಿರಿಯರು ಜಾಸ್ತಿ ಆದ ದೇಶಗಳಲ್ಲಿ ನಿವೃತ್ತಿಯ ವಯಸ್ಸಿಗಾಗಿ ಬೀದಿ ಜಗಳ ನಡೆಯುವುದು ಇದಕ್ಕೇ.

ಪ್ರಶ್ನೆ: ಬಡವರಿಗೆ ಮಾತ್ರ ಕೊಟ್ಟರೆ ಸಾಲದೇ? ಉಳ್ಳವರಿಗೆ ಯಾಕೆ?

ಉತ್ತರ: ಕೇಳಲು ನ್ಯಾಯವಾಗೇ ಇದೆ, ನಾನೂ ಒಂದು ಕಾಲದಲ್ಲಿ ಹೀಗೇ ಅಂದುಕೊಂಡಿದ್ದೆ. ತೊಂದರೆ ಶುರುವಾಗುವುದು ಬಡವರು ಯಾರು ಎಂದು ಬರೆದಿಡಲು ಕೂತಾಗ. ಗೆರೆ ಎಳೆಯಬೇಕು, ಅರ್ಜಿ ಬೇಕು, ದಾಖಲೆ ಬೇಕು, ಪರಿಶೀಲಿಸಲು ಜನ ಬೇಕು, ಅವರಿಗೂ ಸಂಬಳ ಬೇಕು. ಇಷ್ಟಾದರೂ ಎರಡು ಥರದ ತಪ್ಪು ಆಗೇ ಆಗುತ್ತದೆ: ಬೇಡದವರು ಒಳಗೆ ಬರುವುದು, ಬೇಕಾದವರು ಹೊರಗೆ ಉಳಿಯುವುದು. ಮೊದಲನೆಯದು ಸುದ್ದಿಯಾಗುತ್ತದೆ. ಎರಡನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ, ಯಾಕೆಂದರೆ ಅರ್ಜಿ ತುಂಬಲು ಬಾರದವರೇ, ಓಡಾಡಲು ಆಗದವರೇ ಹೊರಗೆ ಉಳಿಯುವುದು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ!

ಇನ್ನೊಂದು ಸಿಕ್ಕು ಇದೆ. ಆದಾಯ ಗೆರೆ ದಾಟಿದ ತಕ್ಷಣ ನೆರವು ನಿಲ್ಲುತ್ತದೆ ಅಂದುಕೊಳ್ಳಿ. ನೂರು ರೂಪಾಯಿ ಸಂಬಳ ಏರಿದವನು ಮುನ್ನೂರು ರೂಪಾಯಿ ನೆರವು ಕಳೆದುಕೊಂಡರೆ, ಸಂಬಳ ಏರಿಸಬೇಡಿ ಅನ್ನುವುದೇ ಅವನಿಗೆ ಲಾಭ. ಆಮೇಲೆ ಅವನನ್ನೇ ಸೋಮಾರಿ ಅನ್ನುತ್ತೇವೆ. ಅದಕ್ಕೇ ಕೆಲವು ದೇಶಗಳು ಎಲ್ಲರಿಗೂ ಕೊಟ್ಟು, ಉಳ್ಳವರಿಂದ ತೆರಿಗೆಯಲ್ಲಿ ವಾಪಸ್ ಪಡೆಯುವ ದಾರಿ ಹಿಡಿದಿವೆ. 1948ರ ಜುಲೈ 5ರಂದು ಶುರುವಾದ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಎಲ್ಲರಿಗೂ ಬಾಗಿಲು ತೆರೆಯಿತು, ಖರ್ಚು ಮುಖ್ಯವಾಗಿ ತೆರಿಗೆಯಿಂದ. ತಾವೂ ಬಳಸುವ ಆಸ್ಪತ್ರೆ ಕೆಟ್ಟರೆ ಉಳ್ಳವರೂ ಗಲಾಟೆ ಮಾಡುತ್ತಾರೆ, ಇದನ್ನು ಸಣ್ಣ ಲಾಭ ಅಂದುಕೊಳ್ಳಬೇಡಿ. ಎಲ್ಲಕ್ಕೂ ಇದೇ ಸರಿ ಅನ್ನುತ್ತಿಲ್ಲ. ದುಡ್ಡು ಕಮ್ಮಿ ಇರುವ ಸರ್ಕಾರ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ಎಳೆಯುವಾಗ ಹೊರಗೆ ಉಳಿದವರನ್ನೂ ಎಣಿಸಲಿ.

ಪ್ರಶ್ನೆ: ಸುಮ್ನೆ ದುಡ್ಡು ಕೊಟ್ಟರೆ ಜನ ಕೆಲಸ ಬಿಡುತ್ತಾರೆ ಅಲ್ವಾ?

ಉತ್ತರ: ಫಿನ್‌ಲ್ಯಾಂಡ್ ಪರೀಕ್ಷೆ ಮಾಡಿ ನೋಡಿತು. 2017 ಮತ್ತು 2018ರಲ್ಲಿ 2,000 ನಿರುದ್ಯೋಗಿಗಳಿಗೆ ತಿಂಗಳಿಗೆ 560 ಯೂರೊ, ಷರತ್ತು ಇಲ್ಲ, ಕೆಲಸ ಸಿಕ್ಕರೂ ನಿಲ್ಲುವುದಿಲ್ಲ. ಅವರು ಸೋಮಾರಿಗಳಾಗಲಿಲ್ಲ, ಉಳಿದ ನಿರುದ್ಯೋಗಿಗಳಿಗಿಂತ ಸ್ವಲ್ಪ ಜಾಸ್ತಿ ದಿನವೇ ಕೆಲಸ ಮಾಡಿದರು. ಅದೇನೂ ಪವಾಡವಲ್ಲ, ನಡುವೆ ಅಲ್ಲಿನ ನಿರುದ್ಯೋಗ ನಿಯಮಗಳೂ ಬದಲಾದವು, ಹಾಗಾಗಿ ಎಲ್ಲವೂ ಈ ದುಡ್ಡಿನಿಂದಲೇ ಎನ್ನಲಾಗದು. ಆದರೆ ಅವರ ಮನಸ್ಸಿನ ನೆಮ್ಮದಿ ಮಾತ್ರ ಉಳಿದವರಿಗಿಂತ ಚೆನ್ನಾಗಿತ್ತು.

ಪ್ರಶ್ನೆ: ಹಾಗಾದರೆ ಶಾಲೆ, ಆಸ್ಪತ್ರೆ ನಡೆಸುವ ತಲೆನೋವು ಯಾಕೆ? ಎಲ್ಲ ದುಡ್ಡನ್ನೂ ಖಾತೆಗೇ ಹಾಕಿಬಿಡಲಿ. (ಇದೇ ಓದುಗರಿಂದ ಎರಡನೇ ಪತ್ರ)

ಉತ್ತರ: 1997ರಲ್ಲಿ ಮೆಕ್ಸಿಕೊ ಒಂದು ಯೋಜನೆ ತಂದಿತು, ಮಕ್ಕಳನ್ನು ಶಾಲೆಗೆ, ಆರೋಗ್ಯ ತಪಾಸಣೆಗೆ ಕಳಿಸಿದ ತಾಯಂದಿರ ಕೈಗೆ ನಗದು. ಮಕ್ಕಳ ಶಾಲೆ ಹಾಜರಾತಿ ಏರಿತು, ಬೇರೆ ದೇಶಗಳೂ ನಕಲು ಮಾಡಿದವು. ಆದರೆ ಗಮನಿಸಿ, ಕಳಿಸಲು ಒಂದು ಶಾಲೆ ಇರಬೇಕು, ಒಳಗೆ ಮೇಷ್ಟ್ರು ಇರಬೇಕು. ಖಾತೆಗೆ ದುಡ್ಡು ಬಂದ ಮಾತ್ರಕ್ಕೆ ರಾತ್ರಿ ಎರಡು ಗಂಟೆಗೆ ಹೆರಿಗೆ ಮಾಡಿಸುವ ನರ್ಸ್ ಹುಟ್ಟಿಕೊಳ್ಳುವುದಿಲ್ಲ.

ಅಂದ ಹಾಗೆ, ಇಂಥ ಸೇವೆಗಳ ಖರ್ಚು ವರ್ಷ ವರ್ಷ ಏರುವುದಕ್ಕೆ ಸೋರಿಕೆಯೊಂದೇ ಕಾರಣವಲ್ಲ. ಅರ್ಥಶಾಸ್ತ್ರಜ್ಞ ವಿಲಿಯಂ ಬೌಮಾಲ್ 1960ರ ದಶಕದಲ್ಲೇ ಇದನ್ನು ವಿವರಿಸಿದ್ದರು. ಯಂತ್ರ ಬಂದರೆ ಕಾರ್ಖಾನೆಯಲ್ಲಿ ಒಬ್ಬ ಹತ್ತು ಜನರ ಕೆಲಸ ಮಾಡಬಹುದು, ಆದರೆ ಮಗುವಿಗೆ ಓದು ಕಲಿಸಲು, ಗಾಯಕ್ಕೆ ಪಟ್ಟಿ ಕಟ್ಟಲು ಅಷ್ಟೇ ಹೊತ್ತು ಬೇಕು. ಹಾಗೆಂದು, ಬೇರೆ ಕಡೆ ಸಂಬಳ ಏರುತ್ತಿರುವಾಗ, ನರ್ಸಿಗೆ ಅವಳ ಅಜ್ಜಿಯ ಕಾಲದ ಸಂಬಳ ಕೊಡಲಾಗುತ್ತದೆಯೇ?