ಹಡಗು ಸಾಗಣೆಯಲ್ಲಿ ಬುಕ್ ಅಂಡ್ ಕ್ಲೇಮ್ ಅಂದರೆ ಏನು? ಅದರಿಂದ ಮಾಲಿನ್ಯ ನಿಜವಾಗಿ ಕಡಿಮೆಯಾಗುತ್ತದೆಯೇ?

ಕಡಿಮೆಯಾಗುತ್ತದೆ, ಆದರೆ ಲೆಕ್ಕ ಬಿಗಿಯಾಗಿದ್ದರೆ ಮಾತ್ರ.

ಹಸಿರು ಮೆಥನಾಲ್, ಜೈವಿಕ ಮೀಥೇನ್‌ನಂಥ ಕಡಿಮೆ ಮಾಲಿನ್ಯದ ಇಂಧನ ಎಲ್ಲ ಬಂದರಿನಲ್ಲೂ ಸಿಗುವುದಿಲ್ಲ. ಅದನ್ನು ಉರಿಸುವ ಹಡಗುಗಳೂ ಇನ್ನೂ ಕಡಿಮೆ. ನಿಮ್ಮ ಸರಕು ಹೋಗುವ ಹಡಗು ಹಳೇ ಎಣ್ಣೆಯದ್ದೇ ಆಗಿರಬಹುದು. ಆದರೂ ಹೆಚ್ಚುವರಿ ಖರ್ಚು ಕೊಡಲು ನೀವು ಸಿದ್ಧ. ಆಗ ಬೇರೆ ಹಡಗು ಆ ಇಂಧನವನ್ನು ಉರಿಸುತ್ತದೆ, ಅದರಿಂದ ಉಳಿತಾಯವಾದ ಇಂಗಾಲದ ಲೆಕ್ಕ ಒಂದು ನೋಂದಣಿ ಪುಸ್ತಕಕ್ಕೆ ಸೇರುತ್ತದೆ. ಹಣ ಕೊಟ್ಟ ನೀವು ಆ ಉಳಿತಾಯವನ್ನು ನಿಮ್ಮ ಸರಕಿನ ಹೆಸರಿಗೆ ಪಡೆಯುತ್ತೀರಿ. ಗ್ರಿಡ್‌ಗೆ ಸೇರಿದ ಸೌರ ವಿದ್ಯುತ್ತಿನ ಪ್ರಮಾಣಪತ್ರ ಕೊಂಡ ಹಾಗೆ.

ಇದು ಬರೀ ಕಾಗದದ ಮಾತಲ್ಲ. ಅಮೆಜಾನ್, ಪಟಗೋನಿಯಾದಂಥ ಸರಕು ಕಳಿಸುವ ಕಂಪನಿಗಳಿರುವ ಜೆಂಬಾ ಒಕ್ಕೂಟದ ಮೊದಲ ಟೆಂಡರ್ 2024ರಲ್ಲಿ ಜರ್ಮನಿಯ ಹಡಗು ಕಂಪನಿ ಹಪಾಗ್ ಲಾಯ್ಡ್‌ಗೆ ಸಿಕ್ಕಿತು. ಸಿಂಗಾಪುರ–ರಾಟರ್‌ಡ್ಯಾಮ್ ಮಾರ್ಗದಲ್ಲಿ ತ್ಯಾಜ್ಯದಿಂದ ಮಾಡಿದ ಜೈವಿಕ ಮೀಥೇನ್ ಬಳಸುವ ಒಪ್ಪಂದ ಅದು.

ದೊಡ್ಡ ಭಯ ಎರಡು ಸಲ ಎಣಿಸುವುದು. ಹಡಗು ಕಂಪನಿ ತನ್ನ ನೇರ ಮಾಲಿನ್ಯದಲ್ಲೂ, ಸರಕಿನ ಮಾಲೀಕ ತನ್ನ ಪೂರೈಕೆ ಸರಪಳಿಯಲ್ಲೂ ಅದೇ ಉಳಿತಾಯ ತೋರಿಸಬಹುದು, ಅದರಲ್ಲಿ ತಪ್ಪಿಲ್ಲ. ಆದರೆ ಒಂದೇ ಟನ್ ಉಳಿತಾಯವನ್ನು ಇಬ್ಬರು ಸರಕು ಮಾಲೀಕರಿಗೆ ಮಾರಿದರೆ ಮೋಸ. ಕಾನೂನು ಹೇಗೂ ಕಡ್ಡಾಯ ಮಾಡಿದ್ದ ಇಂಧನವನ್ನೇ ಸುಮ್ನೆ ಮಾರುವುದೂ ನನಗೆ ಒಪ್ಪಿಗೆಯಿಲ್ಲ, ಅದರಿಂದ ಹೊಸದಾಗಿ ಏನೂ ಉಳಿಯುವುದಿಲ್ಲ ಅಲ್ವಾ? ಹಾಗಾಗಿ ಕೊಳ್ಳುವ ಮೊದಲು ಮೂರನೆಯವರ ತಪಾಸಣೆ ಆಗಿದೆಯೇ, ಮಾರಿದ ಪ್ರಮಾಣಪತ್ರ ಮತ್ತೆ ಮಾರಲಾಗದಂತೆ ರದ್ದಾಗುತ್ತದೆಯೇ ಎಂದು ಖಂಡಿತ ಕೇಳಿ.