ಬ್ಯಾಲೆ ಗೊತ್ತಿಲ್ಲದವರು ಬ್ಯಾಲೆ ನರ್ತಕಿಯ ಡಾಕ್ಯುಮೆಂಟರಿ ನೋಡಬಹುದಾ? ಭರತನಾಟ್ಯ ಕಲಿಯುವ 13 ವರ್ಷದ ಮಗಳಿಗೆ ತೋರಿಸಬಹುದಾ?

ನೋಡಬಹುದು. ಮಗಳಿಗೂ ತೋರಿಸಿ.

ಒಂದೇ ಒಂದು ಹೆಸರು ಹೇಳಿ ಸಾಕು ಅಂತ ಬರೆದಿದ್ದೀರಿ, ಹಾಗಾಗಿ ನಾನು ಹೇಳುವುದು ‘ರೆಸ್ಟ್‌ಲೆಸ್ ಕ್ರೀಚರ್’. 2016ರದ್ದು, ಸುಮಾರು ಒಂದೂವರೆ ಗಂಟೆ. ನ್ಯೂಯಾರ್ಕ್ ಸಿಟಿ ಬ್ಯಾಲೆ ಅನ್ನುವ ನೃತ್ಯ ಕಂಪನಿಯಲ್ಲಿ 30 ವರ್ಷ ಕುಣಿದ ವೆಂಡಿ ವೇಲನ್ ಅವರ ಬಗ್ಗೆ. ಲಿಂಡಾ ಸಫೈರ್ ಮತ್ತು ಆಡಮ್ ಶ್ಲೆಸಿಂಗರ್ ಸೇರಿ ಮಾಡಿದ್ದಾರೆ.

ನಾನು ಹಾಸನದಲ್ಲಿ ಭರತನಾಟ್ಯ ಹೇಳಿಕೊಡುತ್ತೇನೆ. ಮನೆ ಮಹಡಿಯಲ್ಲೇ ಒಂದು ಹಾಲ್, ಸಂಜೆ ಐದೂವರೆಗೆ ಕ್ಲಾಸ್. ಬ್ಯಾಲೆಯನ್ನು ಎದುರಿಗೆ ಕೂತು ನಾನು ಯಾವತ್ತೂ ನೋಡಿಲ್ಲ, ಆ ಹೆಜ್ಜೆಗಳ ಹೆಸರೂ ನನಗೆ ಬರುವುದಿಲ್ಲ. ಆದರೂ ಈ ಸಿನಿಮಾವನ್ನು ಮೂರು ಸಲ ನೋಡಿದ್ದೇನೆ. ಯಾಕೆ ಅಂತ ಹೇಳಬೇಕಾದರೆ ನನ್ನ ಮಂಡಿ ಕಥೆ ಹೇಳಲೇಬೇಕು.

ನನಗೆ ಆಗ 41. ಊರ ಹತ್ತಿರದ ಒಂದು ಜಾತ್ರೆಯಲ್ಲಿ ಕಾರ್ಯಕ್ರಮ. ಮಧ್ಯದ ದೊಡ್ಡ ನೃತ್ಯ, ವರ್ಣ, ಚೆನ್ನಾಗಿ ಆಯಿತು. ಕೊನೆಗೆ ಮಾಡುವ ತಿಲ್ಲಾನದಲ್ಲಿ ಪೂರ್ತಿ ಮಂಡಿ ಕೂತವಳಿಗೆ ಮೇಲೇಳಲು ಆಗಲಿಲ್ಲ. ತಾಳದ ಎರಡು ಸುತ್ತು ಕೂತೇ ಕೈ ಮಾಡಿದೆ, ಜನ ಅದನ್ನೂ ನೃತ್ಯ ಅಂದುಕೊಂಡು ಚಪ್ಪಾಳೆ ತಟ್ಟಿದರು. ಆಮೇಲೆ ಸ್ಕ್ಯಾನ್, ಮಂಡಿಯೊಳಗಿನ ಮೆತ್ತನೆ ಪದರ ಹರಿದಿದೆ, ಅರೆಮಂಡಿ ಬಿಟ್ಟುಬಿಡಿ ಅಂದರು ಡಾಕ್ಟರು. ಅಷ್ಟು ಸುಲಭವಾಗಿ ಹೇಳಿದರು. ಪಾದ ಹೊರಕ್ಕೆ ತಿರುಗಿಸಿ, ಮಂಡಿ ಬಗ್ಗಿಸಿ ಅರ್ಧ ಕೂರುವ ಭಂಗಿ, ಏಳು ವರ್ಷದವಳಿದ್ದಾಗಿನಿಂದ ದಿನಾ ಕೂತ ಅರೆಮಂಡಿ ಅದು. ಒಂದು ವರ್ಷ ಮಕ್ಕಳಿಗೆ ಹೇಳಲೇ ಇಲ್ಲ. ಕೂತು ಕೋಲು ತಟ್ಟುತ್ತಿದ್ದೆ, ಮಾಡಿ ತೋರಿಸಿ ಮಿಸ್ ಅಂದರೆ ದೊಡ್ಡ ಹುಡುಗಿಯೊಬ್ಬಳನ್ನು ಮುಂದೆ ನಿಲ್ಲಿಸುತ್ತಿದ್ದೆ.

ಆ ಹೊತ್ತಿನಲ್ಲಿ ಈ ಸಿನಿಮಾ ನೋಡಿದ್ದು.

ವೇಲನ್ ಅವರಿಗೆ ಅದರಲ್ಲಿ 46, 47 ವಯಸ್ಸು. ಬ್ಯಾಲೆಯಲ್ಲಿ ಅದು ತುಂಬಾ ಜಾಸ್ತಿ. ಅಲ್ಲಿ ಕಾಲ್ಬೆರಳ ತುದಿಯ ಮೇಲೆ ನಿಲ್ಲಬೇಕು, ಎಗರಬೇಕು. ಬಟ್ಟೆ, ಕಾಗದ, ಅಂಟು ಪದರ ಪದರ ಹಚ್ಚಿ ಗಟ್ಟಿ ಮಾಡಿದ ಶೂ ಒಂದೇ ಪ್ರದರ್ಶನಕ್ಕೆ ಸವೆದುಹೋಗುವುದೂ ಉಂಟು. ಹೆಚ್ಚಿನವರು 40ರ ಆಸುಪಾಸಿನಲ್ಲಿ ಬಿಡುತ್ತಾರೆ. ಇವರಿಗೆ 12ನೇ ವಯಸ್ಸಿನಲ್ಲೇ ಬೆನ್ನುಮೂಳೆ ಪಕ್ಕಕ್ಕೆ ಬಾಗಿದೆ ಅಂತ ಗೊತ್ತಾಗಿತ್ತು, ಪಟ್ಟಿ ಕಟ್ಟಿಕೊಂಡೇ ಕ್ಲಾಸಿಗೆ ಹೋದವರು. ಅಂಥವರು 1991ಕ್ಕೆ ಮುಖ್ಯ ನರ್ತಕಿ ಆದರು.

2013ರಲ್ಲಿ ಬಲ ಸೊಂಟದ ಕೀಲಿಗೆ ಆಪರೇಷನ್. ತೊಡೆಮೂಳೆ ಕೂರುವ ಗುಳಿಯ ಸುತ್ತ ಮೃದುವಾದ ಒಂದು ಬಳೆ ಇರುತ್ತದೆ, ಅದು ಹರಿದಿತ್ತು. ಇಲ್ಲಿ ನಾನು ಎದ್ದು ಕೂತೆ. ಯಾಕೆಂದರೆ ಬ್ಯಾಲೆಯ ಬುಡವೂ ನಮ್ಮ ಅರೆಮಂಡಿಯ ಬುಡವೂ ಒಂದೇ. ಕಾಲನ್ನು ಸೊಂಟದಿಂದ ಹೊರಕ್ಕೆ ತಿರುಗಿಸಬೇಕು. ಸೊಂಟ ಎಷ್ಟು ತಿರುಗುತ್ತದೋ ಅಷ್ಟೇ. ಅಲ್ಲಿ ಸಾಲದೆ ಪಾದವನ್ನು ಒತ್ತಾಯ ಮಾಡಿ ತಿರುಗಿಸಿದರೆ ಮಧ್ಯದಲ್ಲಿ ಸಿಕ್ಕಿಕೊಳ್ಳುವುದು ಮಂಡಿ. ನಾನು 30 ವರ್ಷ ಮಾಡಿದ್ದು ಅದನ್ನೇ.

ಸಿನಿಮಾದಲ್ಲಿ ನನಗೆ ಇಷ್ಟ ಆಗಿದ್ದು ವೇದಿಕೆಯ ಭಾಗ ಅಲ್ಲ. ಆಪರೇಷನ್ ಆದಮೇಲೆ ಊರುಗೋಲು ಹಿಡಿದು ನಡೆಯುವುದು, ಫಿಸಿಯೋಥೆರಪಿ, ಹಳೇ ಗೆಳತಿಯರ ಜೊತೆ ಕೂತು ನಿಂದು ಹೇಗೆ ಮುಗೀತು ಅಂತ ಮಾತಾಡುವುದು. ಪ್ರತಿ ವರ್ಷ ಮಾಡುತ್ತಿದ್ದ ಪಾತ್ರ ಇನ್ನು ಬೇಡ ಅಂತ ಕಂಪನಿಯವರು ಹೇಳಿದ್ದನ್ನು ಅವರು ಹೇಳಿಕೊಳ್ಳುವಾಗ ಮುಖ ನೋಡಬೇಕು. ಎಲ್ಲವನ್ನೂ ಕ್ಯಾಮೆರಾ ಮುಂದೆ ಬಿಟ್ಟುಕೊಟ್ಟಿದ್ದಾರೆ. ನಾನು ಹತ್ತು ಮಕ್ಕಳ ಮುಂದೆ ಮುಚ್ಚಿಟ್ಟಿದ್ದನ್ನು ಇವರು ಇಡೀ ಜಗತ್ತಿಗೆ ತೋರಿಸಿದರು.

ಕೊನೆಗೆ 2014ರ ಅಕ್ಟೋಬರ್ 18, ಬೀಳ್ಕೊಡುಗೆಯ ರಾತ್ರಿ. ಅದನ್ನು ನಾನು ವಿವರಿಸುವುದಿಲ್ಲ, ನೀವೇ ನೋಡಿ. ಸಿನಿಮಾದ ಹೆಸರೇ ಇದ್ದ ಬೇರೆ ಒಂದು ಪ್ರದರ್ಶನವನ್ನು ನಾಲ್ಕು ಹೊಸ ಕೊರಿಯೋಗ್ರಾಫರ್‌ಗಳ ಜೊತೆ ಮಾಡುತ್ತಿದ್ದರು, ಬರಿ ಬ್ಯಾಲೆ ಅಲ್ಲದ ಕುಣಿತ. 2019ರಲ್ಲಿ ಅದೇ ಕಂಪನಿಗೆ ಸಹ ಕಲಾ ನಿರ್ದೇಶಕಿಯಾಗಿ ವಾಪಸ್ ಬಂದರು. ಇದು ಸಿನಿಮಾ ಆದಮೇಲಿನ ಮಾತು, ಮಗಳಿಗೆ ಹೇಳಿ, ಖುಷಿ ಆಗುತ್ತದೆ.

ಬೇಲೂರಿನ ಮದನಿಕೆಯರನ್ನು ನಾನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ದೇವಸ್ಥಾನ 1117ರದ್ದು, ಆ ಕಲ್ಲಿನ ಹುಡುಗಿಯರಿಗೆ ಇನ್ನೂ ಪ್ರಾಯ. ನವರಂಗದ ದುಂಡು ಕಲ್ಲಿನ ಮೇಲೆ ಶಾಂತಲೆ ಕುಣಿಯುತ್ತಿದ್ದಳು ಅಂತ ಗೈಡುಗಳು ಹೇಳುತ್ತಾರೆ, ಚಿಕ್ಕವಳಿದ್ದಾಗ ಬಾಯಿ ಬಿಟ್ಟು ಕೇಳುತ್ತಿದ್ದೆ. ಶಾಂತಲೆಗೆ ಮಂಡಿ ನೋವು ಬಂದಿದ್ದರೆ ಅಂತ ಮಾತ್ರ ಯಾರೂ ಕೇಳಲಿಲ್ಲ. ನಮಗೆ ಹೇಳಿಕೊಟ್ಟವರೂ ಆ ಮಾತು ಎತ್ತಲಿಲ್ಲ, ನೋವು ಅಂದರೆ ಅಭ್ಯಾಸ ಸಾಲದು ಅಂತಿದ್ದರು. ನಿಮ್ಮ ಮಗಳು 13ಕ್ಕೇ ಈ ಮಾತು ಕೇಳಲಿ ಅಂತ ನನಗೆ ಆಸೆ.

ಒಂದು ಎಚ್ಚರಿಕೆ. ಆಪರೇಷನ್ ಒಳಗಿನ ದೃಶ್ಯ ಇದೆ, ಮುಂಚೆಯೇ ಹೇಳಿಬಿಡಿ ಅಥವಾ ಮುಂದೆ ಓಡಿಸಿ. ಮಾತೆಲ್ಲ ಇಂಗ್ಲಿಷ್, ಜಾಸ್ತಿ ಮಾತೇ ಇದೆ, ಮಧ್ಯೆ ನಿಲ್ಲಿಸಿ ಹೇಳುತ್ತಾ ಹೋಗಿ. ಎರಡು ದಿನಕ್ಕೆ ಹಂಚಿದರೂ ಪರವಾಗಿಲ್ಲ.

ಒಂದೇ ಅಂದಿದ್ದೀರಿ, ಆದರೂ ಇನ್ನೊಂದು ಹೇಳದೆ ಇರಲು ಆಗುತ್ತಿಲ್ಲ. ಸತ್ಯಜಿತ್ ರೇ 1976ರಲ್ಲಿ ಭರತನಾಟ್ಯ ಕಲಾವಿದೆ ಬಾಲಸರಸ್ವತಿಯವರ ಬಗ್ಗೆ ಮಾಡಿದ ‘ಬಾಲಾ’. ಅರ್ಧ ಗಂಟೆಯದ್ದು ಅಷ್ಟೇ. ಸಮುದ್ರದ ದಂಡೆಯಲ್ಲಿ, ಗಾಳಿಗೆ ಸೀರೆ ಹಾರುತ್ತಿರುವಾಗ, ಬಾಲಮ್ಮ ‘ಕೃಷ್ಣಾ ನೀ ಬೇಗನೆ ಬಾರೋ’ಗೆ ಅಭಿನಯ ಮಾಡುತ್ತಾರೆ. ನಮ್ಮ ವ್ಯಾಸರಾಯರ ಪದ, ಕನ್ನಡದ್ದು. ಬಾಲಮ್ಮ ಹುಟ್ಟಿದ್ದು 1918, ಲೆಕ್ಕ ಹಾಕಿ. ಮಂಡಿ ಹೋದವರಿಗೂ ನಮ್ಮಲ್ಲಿ ಅಭಿನಯ ಉಳಿಯುತ್ತದೆ, ಬ್ಯಾಲೆಯವರಿಗೆ ಅಷ್ಟು ದೊಡ್ಡ ಬಾಗಿಲು ಇಲ್ಲ ಅಂತ ನನಗನ್ನಿಸುತ್ತದೆ. ನಾನು ಈಗ ಅಭಿನಯವೇ ಮುಖ್ಯವಾದ ಪದ, ಜಾವಳಿ ಮಾಡುತ್ತೇನೆ. ಮಕ್ಕಳಿಗೂ ಮಂಡಿ ವಿಷಯ ಹೇಳಿದೆ. ಮೊದಲ ದಿನವೇ ಇಬ್ಬರು ಹುಡುಗಿಯರು ಬಂದು ನಮಗೂ ನೋಯುತ್ತೆ ಮಿಸ್ ಅಂದರು.

ಅದಕ್ಕೇ ಸಿನಿಮಾಕ್ಕೂ ಮುಂಚೆ ಒಂದು ಕೆಲಸ ಮಾಡಿ. ಮಗಳು ಅರೆಮಂಡಿ ಕೂತಾಗ ಎದುರಿಗೆ ನಿಂತು ನೋಡಿ. ಮಂಡಿ ಕಾಲ್ಬೆರಳಿನ ದಿಕ್ಕಿಗೇ ಇದೆಯಾ, ಒಳಕ್ಕೆ ಬೀಳುತ್ತಿದೆಯಾ? ಒಳಕ್ಕೆ ಬೀಳುತ್ತಿದ್ದರೆ ಪಾದವನ್ನು ಸ್ವಲ್ಪ ಕಡಿಮೆ ತಿರುಗಿಸಲು ಹೇಳಿ, ನಾಳೆಯೇ ಅವಳ ಗುರುಗಳ ಹತ್ತಿರ ಮಾತಾಡಿ.