ಸಾಲು ಮುಗಿದಾಗಲೆಲ್ಲ ಎಂಟರ್

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಆಕೆಗೆ 70ರ ಆಸುಪಾಸು. ಸರ್ಕಾರಿ ಕಚೇರಿಯೊಂದರಲ್ಲಿ 30 ವರ್ಷ ಬೆರಳಚ್ಚುಗಾರ್ತಿಯಾಗಿದ್ದವರು. ಮಗ ಆಕೆಯನ್ನು ಸಲಹೆಗೆಂದು ನನ್ನ ಬಳಿ ಕರೆತಂದದ್ದು ಒಂದು ಅನುಮಾನದಿಂದ. "ಅಮ್ಮನಿಗೆ ಮರೆವಿನ ಕಾಯಿಲೆ ಇರಬಹುದು. ಆರು ತಿಂಗಳಿಂದ ಕಂಪ್ಯೂಟರ್ ಹೇಳಿಕೊಡುತ್ತಿದ್ದೇನೆ, ದಿನವೂ ಮೊದಲಿನಿಂದ ಶುರು ಮಾಡಬೇಕು" ಎಂದ.

ಹಾಲಿನ ಲೆಕ್ಕ, ಮಾತ್ರೆಯ ಹೊತ್ತು, ಕಳೆದ ವಾರದ ಮದುವೆಗೆ ಬಂದವರ ಹೆಸರು ಎಲ್ಲವೂ ಆಕೆಯ ನಾಲಿಗೆಯ ತುದಿಯಲ್ಲಿದ್ದವು. ಆದರೂ ಇಂಥದ್ದನ್ನು ನಾನೊಬ್ಬಳೇ ತೀರ್ಮಾನಿಸುವುದಿಲ್ಲ. ವೈದ್ಯರ ಬಳಿ ಕಳುಹಿಸಿದೆ. ಅವರಿಗೂ ತೊಂದರೆ ಕಾಣಲಿಲ್ಲ.

ಮುಂದಿನ ಭೇಟಿಯನ್ನು ಅವರ ಮನೆಯಲ್ಲೇ ಇಟ್ಟುಕೊಂಡೆ. ಎಂದಿನಂತೆ ಪಾಠ ನಡೆಯಲಿ ಎಂದು ಮೂಲೆಯಲ್ಲಿ ಕುಳಿತೆ. ಬೈಫೋಕಲ್ ಕನ್ನಡಕದ ಕೆಳಭಾಗದಿಂದ ಪರದೆ ನೋಡಲು ಆಕೆ ಗಲ್ಲ ಮೇಲೆತ್ತಿ, ಕತ್ತು ಹಿಂದಕ್ಕೆ ಚಾಚಿ ಕೂತಿದ್ದರು. ಮೌಸ್ ಎರಡು ಬಾರಿ ಒತ್ತುವಷ್ಟರಲ್ಲಿ ಕೈ ಸಣ್ಣಗೆ ನಡುಗಿ ಬಾಣ ಪಕ್ಕಕ್ಕೆ ಜಾರುತ್ತಿತ್ತು. "ಅದಲ್ಲಮ್ಮಾ" ಎನ್ನುತ್ತ ಮಗ ಮೌಸ್ ಕಿತ್ತುಕೊಂಡು ತಾನೇ ತೆರೆಯುತ್ತಿದ್ದ. ಆರು ತಿಂಗಳಲ್ಲಿ ಆಕೆ ಒಂದು ಕಡತವನ್ನೂ ತಮ್ಮ ಕೈಯಿಂದ ತೆರೆದಿರಲಿಲ್ಲ. ತೆರೆಯದ್ದನ್ನು ಮರೆಯುವುದಾದರೂ ಹೇಗೆ?

ಟೈಪ್ ಮಾಡಲು ಕೂತಾಗ ಮಾತ್ರ ಬೇರೆಯೇ ಹೆಂಗಸು. ಕೀಲಿಮಣೆ ನೋಡದೆ ಹತ್ತೂ ಬೆರಳು ಓಡಿದವು. ಆದರೆ ಹಳೆಯ ಬೆರಳಚ್ಚು ಯಂತ್ರದ ಕೀಲಿಗೆ ಒಗ್ಗಿದ ಬೆರಳಿನ ಭಾರಕ್ಕೆ ಕೆಲವು ಅಕ್ಷರ ಮೂರು ನಾಲ್ಕಾಗಿ ಬೀಳುತ್ತಿದ್ದವು. ಸಾಲು ಮುಗಿದಾಗಲೆಲ್ಲ, ಆ ಯಂತ್ರದಲ್ಲಿ ಸಾಲಿನ ಕೊನೆಗೆ ಬಾರಿಸುವ ಗಂಟೆ ಕೇಳಿಸಿತೋ ಎಂಬಂತೆ, ಎಂಟರ್ ಒತ್ತುತ್ತಿದ್ದರು. ಕಂಪ್ಯೂಟರಿನಲ್ಲಿ ಸಾಲು ತಾನಾಗಿಯೇ ಕೆಳಗಿಳಿಯುತ್ತದೆ ಎಂದು ಮಗ ನಕ್ಕ. "ನನ್ನ ಹಾಳೆಯಲ್ಲಿ ಸಾಹೇಬರೂ ತಪ್ಪು ಹುಡುಕುತ್ತಿರಲಿಲ್ಲ" ಎಂದು ಆಕೆ ಎದ್ದು ಅಡುಗೆಮನೆಗೆ ಹೋದರು.

ಮಗನಿಗೆ ಹೇಳಿದ್ದು ಒಂದೇ: ಪಾಠದ ಹೊತ್ತಿನಲ್ಲಿ ನಿಮ್ಮ ಎರಡೂ ಕೈ ಬೆನ್ನ ಹಿಂದೆ ಇರಲಿ. ಉಳಿದದ್ದೆಲ್ಲ ಚಿಲ್ಲರೆ ರಿಪೇರಿ. ಪರದೆಯನ್ನು ತಗ್ಗಿಸಿ, ಅಕ್ಷರ ದೊಡ್ಡದು ಮಾಡಿಸಿದೆವು. ಕೀಲಿ ಒತ್ತಿ ಹಿಡಿದರೆ ಅಕ್ಷರ ಮರುಕಳಿಸುವುದನ್ನು ಸೆಟ್ಟಿಂಗ್‌ನಲ್ಲಿ ನಿಧಾನಗೊಳಿಸಿದೆವು. ಮೌಸ್ ಗೋಜು ಬೇಡ, ಬಾಣದ ಕೀಲಿಯಿಂದ ಕಡತದ ಮೇಲೆ ಬಂದು ಎಂಟರ್ ಒತ್ತಿದರೂ ತೆರೆಯುತ್ತದೆ ಎಂದಾಗ ಆಕೆ ಮಗನನ್ನು ನೋಡಿದ ನೋಟ ನೆನಪಿದೆ. ಹಂತಗಳನ್ನು ಆಕೆಯೇ ತಮ್ಮ ಮಾತಿನಲ್ಲಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು ಎಂದೂ ಹೇಳಿದೆ.

ಮನೆಯವರಿಗೆ ಬೇಕಿದ್ದದ್ದು ನವೆಂಬರಿನ ಪಿಂಚಣಿ ಜೀವನ ಪ್ರಮಾಣಪತ್ರ, ಕರೆಂಟ್ ಬಿಲ್. ನಿಮಗೇನು ಬೇಕು ಎಂದು ಆಕೆಯನ್ನು ಯಾರೂ ಕೇಳಿರಲಿಲ್ಲ. ತಮ್ಮ ತಾಯಿ ಹಾಡುತ್ತಿದ್ದ ಆರತಿ ಹಾಡುಗಳನ್ನು ಟೈಪ್ ಮಾಡಿಡಬೇಕಂತೆ. ಕನ್ನಡದಲ್ಲಿ ಟೈಪ್ ಮಾಡುವ ನುಡಿ ತಂತ್ರಾಂಶ ಹಾಕಿಸಿದೆವು. ಒತ್ತಕ್ಷರಕ್ಕೆ ನಡುವೆ ಎಫ್ ಕೀಲಿ ಬೇಕೆಂಬುದನ್ನು 'ಅಕ್ಕ' ಎಂದು ಬರೆದೇ ಕಲಿತರು. ಹಣದ ವ್ಯವಹಾರ ಮೂರು ತಿಂಗಳು ಬೇಡ ಎಂದೆ. ಆದರೆ ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ, ಮೋಸವಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು ಎಂಬುದನ್ನು ಅಂದೇ ಬರೆಸಿದೆ.

ಒಂದೂವರೆ ತಿಂಗಳ ಮೇಲೆ ಎರಡು ಮುದ್ರಿತ ಹಾಳೆ ತಂದರು. "ಹಾಡಿನಲ್ಲಿ ಸಾಲುಸಾಲಿಗೂ ಎಂಟರ್ ಒತ್ತಲೇಬೇಕಲ್ಲ, ನಾನು ಬಾಯಿ ತೆರೆಯಲಿಲ್ಲ" ಎಂದ ಮಗ. ಪಾಸ್‌ವರ್ಡ್ ಮಾತ್ರ ಇನ್ನೂ ಗೋಡೆಯ ಕ್ಯಾಲೆಂಡರಿನ ಮೇಲಿದೆಯಂತೆ. ಆ ಜಗಳ ಮುಂದಿನ ಭೇಟಿಗೆ.